ಮಾಳಮಡ್ಡಿಯ ಮನೆ ತೋರಿಸಿದ್ದು

ನಮ್ಮ ಊರು ಧಾರವಾಡ ಎಂದು ಹೇಳಿದ ಕೂಡಲೇ ಎದುರಿಗಿದ್ದವರು ತಲೆದೂಗಿ "ಪುಣ್ಯವಂತರು ಬಿಡಿ" ಎನ್ನುತ್ತಾರೆ. ಮೈಸೂರಿನವರು ಸ್ವಲ್ಪ ತಡವಾಗಿ ಎನ್ನುತ್ತಾರೆ, ಆದರೂ ಎನ್ನುತ್ತಾರೆ. ಈ ಒಂದು ಮಾತು ಕೇಳುವ ಆಸೆಗೆ ನಾನು ರೈಲಿನಲ್ಲಿ, ಮದುವೆ ಮನೆಯಲ್ಲಿ, ದವಾಖಾನೆಯ ಸಾಲಿನಲ್ಲಿ, ಯಾರೂ ಕೇಳದಿದ್ದರೂ ಊರಿನ ಹೆಸರು ಹೇಳಿಕೊಂಡಿದ್ದೇನೆ. ಹೇಳಿ, ಧಾರವಾಡವನ್ನು ನಾನೇ ಮುಂದೆ ನಿಂತು ಕಟ್ಟಿಸಿದವಳ ಹಾಗೆ, "ಏನೋ, ದೇವರು ನಡೆಸಿದ್ದಾನೆ" ಎಂದು ವಿನಯವನ್ನೂ ತೋರಿಸಿದ್ದೇನೆ.

ನಾನು ಅಲ್ಲಿ ಹುಟ್ಟಿದವಳೂ ಅಲ್ಲ. ಹುಟ್ಟಿ ಬೆಳೆದದ್ದು ಹುಬ್ಬಳ್ಳಿ ತಾಲೂಕಿನ ಸುಳ್ಳ ಎಂಬ ಹಳ್ಳಿಯಲ್ಲಿ. ಮಳೆ ಬಂದರೆ ಚಪ್ಪಲಿ ಮಣ್ಣಿನಲ್ಲೇ ಉಳಿದು ಕಾಲು ಮಾತ್ರ ಮುಂದೆ ಬರುವ ಎರೆ ನೆಲ ಅದು. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ನೌಕರಿ ಸಿಕ್ಕು ಧಾರವಾಡಕ್ಕೆ ಬಂದೆ. ಬಂದ ವಾರದಲ್ಲೇ ಅಲ್ಲಿಯ ಜಿಟಿಜಿಟಿ ಮಳೆ, ಮರದ ನೆರಳಿನ ಓಣಿಗಳು, ಕಾಯಿಪಲ್ಯ ಮಾರುವವಳು "ಬರ್ರಿ, ನೋಡ್ರಿ, ತೊಗೊಳ್ರಿ" ಎಂದು ಮೂರು ಸಲ ಮರ್ಯಾದೆ ಕೊಡುವ ರೀತಿ, ಎಲ್ಲವೂ ತಲೆಗೇರಿದವು. ಸುಳ್ಳದಲ್ಲೂ ಹಾಗೆಯೇ ಮಾತಾಡುತ್ತಿದ್ದರು. ಆದರೆ ಅಲ್ಲಿ ಅದು ನನಗೆ ಎಂದೂ ಕೇಳಿಸಿರಲಿಲ್ಲ.

ನನ್ನ ಪಾಠ ಸಹಾರಾ ಮರುಭೂಮಿಯಿಂದ ಶುರುವಾದರೂ ಮುಗಿಯುತ್ತಿದ್ದದ್ದು ಧಾರವಾಡದ ಹವೆಯಲ್ಲಿ. ಒಂದು ವರ್ಷ ಪರೀಕ್ಷೆಯಲ್ಲಿ ಹಿತವಾದ ಹವೆಯ ಪ್ರದೇಶಕ್ಕೆ ಉದಾಹರಣೆ ಕೊಡಿ ಎಂದು ಕೇಳಿದ್ದೆ. ಒಬ್ಬ ಹುಡುಗಿ "ಮಾಳಮಡ್ಡಿ" ಎಂದು ಬರೆದಿದ್ದಳು. ಅದು ನಾನು ಬಾಡಿಗೆಗಿದ್ದ ಓಣಿ. ಉತ್ತರ ತಪ್ಪು ಎಂದು ಗೊತ್ತಿದ್ದೂ ಕೆಂಪು ಪೆನ್ನು ಏಳಲಿಲ್ಲ, ಅರ್ಧ ಅಂಕ ಕೊಟ್ಟೆ.

ಆ ಮನೆಯಲ್ಲಿ ನಾವು ಹತ್ತೊಂಬತ್ತು ವರ್ಷ ಇದ್ದೆವು. ಹಂಚಿನ ಮನೆ. ಮೂರು ಖೋಲಿ, ಮುಂದೆ ಕೂಡಲು ಕಟ್ಟೆ, ಹಿತ್ತಲಲ್ಲಿ ಒಂದು ಪೇರಲ ಗಿಡ. ನಮ್ಮವರ ಕೆಲಸ ಹುಬ್ಬಳ್ಳಿಯ ಒಂದು ಪ್ರೆಸ್ಸಿನಲ್ಲಿ. ಲಗ್ನಪತ್ರಿಕೆ ಅಚ್ಚು ಹಾಕುವ ಮಶೀನಿನ ಮುಂದೆ ದಿನವಿಡೀ ನಿಲ್ಲುವ ಕೆಲಸ. ಬೆಳಿಗ್ಗೆ ಡಬ್ಬಿ ಹಿಡಿದು ಹೋದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಕಟ್ಟೆಯ ಮೇಲೆ ಕುಳಿತ ನಾನು "ಬಸ್ ಹೆಂಗಿತ್ತರಿ?" ಎಂದು ಕೇಳುತ್ತಿದ್ದೆ. ಅವರು "ಛಲೋ ಇತ್ತು. ಕಿಡಕಿ ಸೀಟ ಸಿಕ್ಕಿತ್ತು" ಎನ್ನುತ್ತಿದ್ದರು. ಆಮೇಲೆ ಒಂದು ಬಕೀಟು ಬಿಸಿನೀರು ಹಿಡಿದು, ಅದಕ್ಕೆ ಒಂದು ಮುಷ್ಟಿ ಉಪ್ಪು ಹಾಕಿ, ಬಚ್ಚಲಲ್ಲಿ ಕಾಲಿಟ್ಟುಕೊಂಡು ಬಹಳ ಹೊತ್ತು ಕೂಡುತ್ತಿದ್ದರು. ನಲ್ಲಿಗೆ ಎಂಟು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ ಇದೆಂಥ ಚೈನಿ ಎಂದು ನಾನು ಹೊರಗಿನಿಂದಲೇ ಗೊಣಗುತ್ತಿದ್ದೆ. "ಇಡೀ ದಿನ ಕಿಡಕ್ಯಾಗ ಕುಂತು ಹಸರು ನೋಡಕೋಂತ ಬರೋರಿಗೆ ಕಾಲ ಯಾಕ ನೋಯತಾವರಿ?" ಎಂದು ಒಮ್ಮೆ ಕೇಳಿದ್ದೂ ನೆನಪಿದೆ. ಅವರು ಕಾಲಿನ ಮೇಲೆ ಇನ್ನೊಂದು ತಂಬಿಗೆ ಬಿಸಿನೀರು ಸುರಿದುಕೊಂಡರು.

ಶುರುವಿನ ವರ್ಷಗಳಲ್ಲಿ ಒಂದು ಸಲ ಊಟದ ಹೊತ್ತಿನಲ್ಲಿ ಅವರು, "ಕೇಶ್ವಾಪುರದಾಗ ಒಂದ ಮನಿ ಖಾಲಿ ಐತೆಂತ" ಎಂದಿದ್ದರು. "ಹುಬ್ಬಳ್ಯಾಗ? ಆ ಧೂಳಿನ್ಯಾಗ?" ಎಂದು ನಾನು ತುತ್ತು ಕೆಳಗಿಟ್ಟೆ. ಹುಬ್ಬಳ್ಳಿ ತಾಲೂಕಿನ ಧೂಳಿನಲ್ಲೇ ಹುಟ್ಟಿದವಳು ಎನ್ನುವುದು ಆಗ ನನಗೆ ಮರೆತೇ ಹೋಗಿತ್ತು. ಅವರು ಮತ್ತೆ ಆ ಮಾತು ಎತ್ತಲಿಲ್ಲ.

ಮನೆಯ ಮಾಲಕಿ ಪುಣೆಯಲ್ಲಿ ಮಗಳ ಜೊತೆ ಇದ್ದರು. ನಾವು ಅವರನ್ನು ಕಾಕು ಎಂದು ಕರೆಯುತ್ತಿದ್ದೆವು. ಎರಡು ವರ್ಷದ ಹಿಂದೆ ಸಂಕ್ರಾಂತಿ ಮುಗಿದ ಮೇಲೆ ಕಾಕು ಫೋನ್ ಮಾಡಿದರು.

"ಮನಿ ಮಾರಿಬಿಡಬೇಕಂತ ಮಾಡೇನವಾ. ನನಗ ಬಂದು ತೋರಸೋದು ಆಗೂದಿಲ್ಲ. ನೀನ ತೋರಸು. ನಿನ್ನಷ್ಟು ಆ ಮನಿ ಯಾರಿಗೂ ಗೊತ್ತಿಲ್ಲ."

"ಹತ್ತೊಂಬತ್ತು ವರ್ಷ ಆತಲ್ರಿ ಕಾಕು" ಎಂದೆ. ಕಾಕುವಿಗೆ ನನ್ನ ಸಂಕಟ ತಿಳಿದಿರಬೇಕು. "ಯುಗಾದಿ ತನಕಾ ನೋಡೂಣು. ಅಷ್ಟರಾಗ ಯಾರೂ ಒಪ್ಪಲಿಲ್ಲಂದ್ರ ಮಾರೋದ ಬಿಟ್ಟಬಿಡತೇನಿ. ನೀವ ಇರ್ರಿ, ನಾ ಇರೋತನಕಾ" ಎಂದರು.

ಮನೆಯನ್ನು ನಾವೇ ಕೊಳ್ಳುವ ಶಕ್ತಿ ನಮಗಿರಲಿಲ್ಲ. ಆದರೆ ಯುಗಾದಿಯವರೆಗೆ ಯಾರೂ ಒಪ್ಪದಂತೆ ನೋಡಿಕೊಂಡರೆ ಸಾಕಿತ್ತು, ಮನೆ ಉಳಿಯುತ್ತಿತ್ತು. ಅದಕ್ಕೆ ಬಂದವರ ಮುಂದೆ ನಾನು ಊರು, ಮನೆ ಹೊಗಳದೆ ಬಾಯಿ ಬಿಗಿ ಹಿಡಿಯಬೇಕಿತ್ತು, ಅಷ್ಟೇ.

"ಸುಳ್ಳು ಹೇಳೋದ ಬ್ಯಾಡ. ಇದ್ದದ್ದ ಹೇಳು, ತಾವ ಓಡಿಹೋಗತಾರ" ಎಂದು ನಮ್ಮವರು ನಾಲ್ಕು ಮಾತು ಹೇಳಿಕೊಟ್ಟರು. ನೀರು ಎಂಟು ದಿನಕ್ಕೊಮ್ಮೆ ಬರುತ್ತದೆ. ಮಂಗಗಳ ಕಾಟ. ಅಡಿಗೆ ಮನೆಯಲ್ಲಿ ಹಂಚು ಸೋರುತ್ತದೆ. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ. ಮಕ್ಕಳಿಗೆ ನದಿಗಳ ಹೆಸರು ಉರು ಹೊಡೆಸುವ ನಾನು ಈ ನಾಲ್ಕನ್ನು ಉರು ಹೊಡೆದೆ.

ಮೊದಲು ಬಂದವರು ಸತ್ತೂರಿನ ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರ್ ದಂಪತಿ, ದಕ್ಷಿಣದ ಕಡೆಯವರು. ನಾನು ಗಂಟಲು ಸರಿಮಾಡಿಕೊಂಡು ನೀರಿನ ವಿಷಯಕ್ಕೆ ಬರಬೇಕು, ಅಷ್ಟರಲ್ಲಿ ಆ ಹೆಣ್ಣುಮಗಳು, "ಇಲ್ಲಿ ತುಂಬಾ ಬೋರ್ ಆಗುತ್ತಂತೆ, ಹೌದಾ?" ಎಂದುಬಿಟ್ಟಳು. ನನಗೆ ಕಣ್ಣು ಕತ್ತಲಿಟ್ಟ ಹಾಗಾಯಿತು. ಬೋರ್! ಮುಂದಿನ ಒಂದು ತಾಸು ನಾನು ಅವರಿಗೆ ಧಾರವಾಡದ ಸಂಗೀತ, ಸಾಹಿತ್ಯ, ಶ್ರಾವಣದ ಬೆಳಗು, ಜೋಳದ ರೊಟ್ಟಿಯ ತೆಳುವು, ಎಲ್ಲವನ್ನೂ ವಿವರಿಸಿದೆ. ಹೋಗುವಾಗ ಅವಳು ನನ್ನ ಕೈ ಹಿಡಿದು "ಎಷ್ಟು ಚೆನ್ನಾಗಿ ಹೇಳಿದ್ರಿ" ಎಂದಳು. ಅವರ ಕಾರು ನಮ್ಮ ಗೇಟಿನೊಳಗೆ ಹಿಡಿಸಲಿಲ್ಲ ಎನ್ನುವ ಒಂದೇ ಕಾರಣಕ್ಕೆ ಆ ದಿನ ನಮ್ಮ ಮನೆ ಉಳಿಯಿತು.

ಎರಡನೆಯವರು ಗದಗಿನ ಕಡೆಯ ನಿವೃತ್ತ ಗೃಹಸ್ಥರು. ಬಂದು ಕುಳಿತವರೇ ನಗುತ್ತ, "ಧಾರವಾಡದವರು ಮನಿಗೆ ಬಂದವರಿಗೆ 'ಚಹಾ ಆಗೇದಲ್ರಿ' ಅಂತ ಮೊದಲ ಕೇಳಿ, ಚಹಾ ಉಳಸತಾರಂತಲ್ರಿ?" ಎಂದರು. ಇಡೀ ಊರಿನ ಮಾನ ನನ್ನ ಸ್ಟೋವಿನ ಮೇಲೆ ಬಂದು ನಿಂತಿತು. ಚಹಾ ಕೊಟ್ಟೆ. ಅವಲಕ್ಕಿ ಕೊಟ್ಟೆ. ಎರಡನೇ ಸಲ ಚಹಾ ಕೊಟ್ಟೆ. ಸಕ್ಕರೆ ಕಾಯಿಲೆ ಇದೆ ಎಂದರೂ ಬಿಡದೆ ಪೇಡೆ ಕೊಟ್ಟೆ. ನೀರಿನ ಮಾತು, ಮಂಗಗಳ ಮಾತು ನಾಲಿಗೆಯ ತುದಿಗೂ ಬರಲಿಲ್ಲ. ಮನೆಯ ಮೆಟ್ಟಿಲು ಹೆಂಡತಿಯ ಮೊಣಕಾಲಿಗೆ ಆಗುವುದಿಲ್ಲ ಎಂದು ಅವರೇ ಬಿಟ್ಟರು. ಸಂಜೆ ನಮ್ಮವರು ಮುಸುರೆಯಲ್ಲಿದ್ದ ಬಸಿ ಕಪ್ಪುಗಳನ್ನು ನೋಡಿ, "ದಲಾಲಿ ಮಾಡಾವನೂ ಇಷ್ಟು ಮಾಡಂಗಿಲ್ಲ ಬಿಡು" ಎಂದರು.

ಯುಗಾದಿಗೆ ಇನ್ನು ಎರಡು ವಾರ ಇತ್ತು. ನಾನು ಒಳಗೊಳಗೇ ಗೆದ್ದೆ ಎಂದುಕೊಂಡಿದ್ದೆ. ಆಗ ಒಂದು ರವಿವಾರ ಮಧ್ಯಾಹ್ನ ಕೇಶ್ವಾಪುರದಲ್ಲಿ ಗ್ಯಾರೇಜು ಇಟ್ಟಿದ್ದ, ಎಲ್ಲರೂ ಭಾಯಿ ಎಂದು ಕರೆಯುವ ಒಬ್ಬರು ತಮ್ಮ ಹೆಂಡತಿಯನ್ನು ಕರೆದುಕೊಂಡು ಬಂದರು.

ಅರವತ್ತು ದಾಟಿದ ಮನುಷ್ಯ. ಎಷ್ಟು ತೊಳೆದರೂ ಉಗುರಿನ ಸಂದಿಯ ಗ್ರೀಸು ಹೋಗದ ಕೈ. ಗ್ಯಾರೇಜನ್ನು ಮಗನಿಗೆ ಒಪ್ಪಿಸಿ, ಇನ್ನು ಮೇಲೆ ಇಂಜಿನ್ ಸಪ್ಪಳ ಕೇಳದ ಕಡೆ ಇರಬೇಕು ಎಂದು ಮನೆ ಹುಡುಕುತ್ತಿದ್ದರು. ಬೆರಳ ಗೆಣ್ಣಿನಿಂದ ಗೋಡೆ ಬಡಿದು ನೋಡಿದರು, ತಲೆಬಾಗಿಲನ್ನು ಎರಡು ಸಲ ಹಾಕಿ ತೆಗೆದರು. ಆಮೇಲೆ ಕಟ್ಟೆಯ ಮೇಲೆ ಕುಳಿತು ಕೇಳಿದರು:

"ಅಕ್ಕಾರ, ಮೊದಲ ಮನೀದು ಐಬು ಹೇಳ್ರಿ, ಏನೇನ ಕೊರತಿ ಐತಿ ಅಂತ. ನಾ ಜಿಂದಗಿಪೂರ್ತಿ ಹಳೇ ಗಾಡಿ ಕೊಟ್ಟು ತೊಗೊಂಡು ಮಾಡೇನಿ. ಗಾಡಿದು ಏನೇನ ಐಬು ಐತಿ ಎಲ್ಲಾ ಹೇಳಿ ಆಮ್ಯಾಲೆ ಕೀಲಿ ಕೊಡತೇನಿ. ಅದು ನಮ್ಮ ಪದ್ಧತಿ."

ದೇವರೇ ಎದುರು ಕುಳಿತು ವರ ಕೇಳು ಎಂದ ಹಾಗಿತ್ತು. ಅಡಿಗೆ ಮನೆಯ ಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತಿದ್ದ ನಮ್ಮವರ ಮುಖ ಅರಳಿತು. ಹೇಳು, ಹೇಳು ಎಂದು ಕಣ್ಣಿನಲ್ಲೇ ಸನ್ನೆ ಮಾಡಿದರು.

"ನೀರು ಎಂಟು ದಿನಕ್ಕೊಮ್ಮೆ ಬರತೈತ್ರಿ" ಎಂದೆ.

ಅಲ್ಲಿಗೆ ನಿಲ್ಲಿಸಿದ್ದರೆ ನಾನು ಇವತ್ತಿಗೂ ಮಾಳಮಡ್ಡಿಯ ಕಟ್ಟೆಯ ಮೇಲೆ ಕುಳಿತಿರುತ್ತಿದ್ದೆ. ಆದರೆ ಭಾಯಿಯವರು, "ಅದೇನ ಬಿಡ್ರಿ, ನಮ್ಮ ಹುಬ್ಬಳ್ಯಾಗೂ ಹಂಗ ಐತಿ" ಎಂದರು. ಹುಬ್ಬಳ್ಳಿಗೆ ನಮ್ಮನ್ನು ಹೋಲಿಸಿದ್ದನ್ನು ನನಗೆ ತಡೆಯಲಾಗಲಿಲ್ಲ.

"ಹುಬ್ಬಳ್ಳಿ ನೀರು ಬ್ಯಾರೆ, ಧಾರವಾಡದ ನೀರು ಬ್ಯಾರೆ ರಿ ಭಾಯಿ! ಎಂಟು ದಿನ ಇಟ್ರೂ ಕೆಡಂಗಿಲ್ಲ. ಬ್ಯಾಳಿ ಹಾಕಿ ಹಿಂಗ ತಿರಗೂದ್ರಾಗ ಕುದ್ದಿರತೈತಿ. ಚಹಾಕ್ಕ ಹಾಕಿದ್ರ ರುಚೀನ ಬ್ಯಾರೆ."

ಎರಡೂ ಊರಿಗೆ ಬರುವುದು ಮಲಪ್ರಭೆಯ ನೀರು ಎಂದು ನಾನು ವರ್ಷವರ್ಷವೂ ಮಕ್ಕಳಿಗೆ ನಕಾಶೆ ತೋರಿಸಿ ಕಲಿಸುತ್ತೇನೆ. ಪರೀಕ್ಷೆಯಲ್ಲಿ ತಪ್ಪು ಬರೆದರೆ ಅಂಕ ಕತ್ತರಿಸುತ್ತೇನೆ.

ನಮ್ಮವರು ಕೆಮ್ಮಿದರು. ನಾನು ಎಚ್ಚೆತ್ತು ಎರಡನೇ ಮಾತಿಗೆ ಬಂದೆ. "ಮಂಗ್ಯಾಗೋಳ ಕಾಟ ಐತ್ರಿ."

"ಭಾಳ ಕಾಡತಾವೇನ್ರಿ?" ಎಂದು ಭಾಯಿಯವರ ಹೆಂಡತಿ ಗಾಬರಿಯಿಂದ ಕೇಳಿದರು.

ಆ ಗಾಬರಿ ನೋಡಿ ನನಗೆ ಪಾಪ ಎನ್ನಿಸಿತು. ಮನೆಗೆ ಬಂದ ಹೆಣ್ಣುಮಗಳನ್ನು ಹೀಗೆ ಹೆದರಿಸುವುದೇ? "ಏನಿಲ್ಲರಿ ಅಕ್ಕಾರ, ಪೇರಲ ಗಿಡದ ಮ್ಯಾಲಿನ ಹಣ್ಣ ಅಷ್ಟ ತಿಂತಾವ, ಕೆಳಗಿನವು ನಮಗ ಬಿಡತಾವ. ಧಾರವಾಡದ ಮಂಗ್ಯಾರಿ, ಅವಕ್ಕೂ ಒಂದ ಸಂಸ್ಕಾರ ಐತಿ."

ಆಮೇಲೆ ನನ್ನ ಬಾಯಿಗೆ ತಡೆಯೇ ಉಳಿಯಲಿಲ್ಲ. ಹಂಚು ಸೋರುತ್ತದೆ, ಆದರೆ ಒಂದೇ ಕಡೆ, ಒಂದು ಬೋಗಾಣಿ ಇಟ್ಟರೆ ಸಾಕು, ಹನಿ ಬೀಳುವ ಸಪ್ಪಳಕ್ಕೆ ಎಂಥವರಿಗೂ ನಿದ್ದೆ ಹತ್ತುತ್ತದೆ. ಬಟ್ಟೆ ಒಣಗುವುದಿಲ್ಲ, ಯಾಕೆಂದರೆ ಹವೆ ಅಷ್ಟು ತಂಪು. ಒಂದೊಂದು ಐಬಿಗೂ ಅರಿಶಿನ ಕುಂಕುಮ ಹಚ್ಚಿ ಕಳಿಸಿದೆ. ಕೊನೆಗೆ ಸಾಕ್ಷಿಗೆಂದು ಗಂಡನನ್ನೇ ಮುಂದೆ ಮಾಡಿದೆ.

"ಬೇಕಾದ್ರ ನಮ್ಮವರನ್ನ ಕೇಳ್ರಿ. ದಿನಾ ಹುಬ್ಬಳ್ಳಿಗೆ ಹೋಗಿ ಬರತಾರ. ಅಲ್ಲೇ ಇದ್ದಬಿಡೂಣು ಅಂತ ಒಂದ ದಿನ ಅಂದಿಲ್ಲ. ಹತ್ತೊಂಬತ್ತು ವರ್ಷ ಆತು, ದಿನಾ ಸಂಜೀಕ ಕಿಡಕಿ ಸೀಟ! ಹಸರು ನೋಡಕೋಂತ ಆರಾಮ ಬರತಾರ."

ಭಾಯಿಯವರು ನಮ್ಮವರ ಕಡೆ ತಿರುಗಿದರು. "ಸಂಜೀಕ? ಹುಬ್ಬಳ್ಳಿಂದ? ದಿನಾ ಕಿಡಕಿ ಸೀಟ?" ಎಂದು ಬಿಡಿಬಿಡಿಯಾಗಿ ಕೇಳಿದರು.

"ಚಹಾ ಆರತೈತ್ರಿ, ತೊಗೊಳ್ರಿ" ಎಂದರು ನಮ್ಮವರು.

ಭಾಯಿಯವರು ಅವರನ್ನೇ ಸ್ವಲ್ಪ ಹೊತ್ತು ನೋಡಿ ಚಹಾ ಕುಡಿದರು. ಏಳುವಾಗ ಹೇಳಿದರು: "ಅಕ್ಕಾರ, ಗಾಡಿ ಮಾಲಕಗ ತನ್ನ ಗಾಡಿ ಮ್ಯಾಲೆ ಇಷ್ಟು ಜೀವ ಇದ್ರ ಆ ಗಾಡಿ ಛಲೋ ಇಟ್ಟಿರತಾನ. ನಮಗ ಮನಿ ಮನಸಿಗೆ ಬಂತು."

ಅವರು ಹೋದ ಮೇಲೆ ನಮ್ಮವರು ಕಪ್ಪುಗಳನ್ನು ಎತ್ತುತ್ತ, "ಪೇಡೆ ಕೊಟ್ಟಿಯೇನ?" ಎಂದು ಕೇಳಿದರು.

"ಕೊಟ್ಟೆರಿ."

"ಹಂಗಾರ ಆತು ಬಿಡು" ಎಂದರು. ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ನಾನು ಹಿತ್ತಲಿಗೆ ಹೋಗಿ ಪೇರಲ ಗಿಡದ ಕೆಳಗೆ ನಿಂತು ಅತ್ತೆ. ಇನ್ನೊಬ್ಬರು ಕಸಿದುಕೊಂಡಿದ್ದರೆ ಅವರನ್ನಾದರೂ ಬೈಯಬಹುದಿತ್ತು. ಮನೆಯನ್ನು ನಾನೇ ಬಾಯಿಂದ ಎತ್ತಿ ಕೊಟ್ಟಿದ್ದೆ.

ಧಾರವಾಡದಲ್ಲೇ ಬೇರೆ ಮನೆ ಹುಡುಕಿದೆವು. ಎಲ್ಲಿ ಹೋದರೂ ಬಾಡಿಗೆ ನಮ್ಮ ಕೈಗೆ ಎಟುಕಲಿಲ್ಲ. "ಧಾರವಾಡಕ್ಕ ಎಲ್ಲಾರೂ ಬರಾಕತ್ತಾರಲ್ರಿ, ಇಷ್ಟು ಛಲೋ ಊರು" ಎಂದು ಒಬ್ಬ ಮಾಲಕರು ನನಗೇ ಪಾಠ ಹೇಳಿದರು. ರೈಲು ರೈಲಿನಲ್ಲಿ, ಮದುವೆ ಮನೆ ಮದುವೆ ಮನೆಯಲ್ಲಿ ನಾನು ಡಂಗುರ ಹೊಡೆದದ್ದಕ್ಕೆ ಜನ ಕಡೆಗೂ ಬಂದಿದ್ದರು. ಊರು ತುಂಬಿತ್ತು, ನನಗೊಬ್ಬಳಿಗೇ ಜಾಗ ಉಳಿದಿರಲಿಲ್ಲ.

ಕಡೆಗೆ ಭಾಯಿಯವರೇ ಫೋನ್ ಮಾಡಿ, ಕೇಶ್ವಾಪುರದಲ್ಲಿ ತಾವು ಬಿಡುವ ಮನೆಗೆ ಬಾಡಿಗೆ ಬರುತ್ತೀರಾ ಎಂದು ಕೇಳಿದರು. ನೋಡಲು ಹೋದೆವು. ಅವರು ಮನೆ ತೋರಿಸಿದ ರೀತಿ ನನ್ನನ್ನು ಇವತ್ತಿಗೂ ನಾಚಿಸುತ್ತದೆ. ಬಾಗಿಲು ತೆಗೆಯುವ ಮೊದಲೇ ಶುರು ಮಾಡಿದರು. ರೈಲು ಹೋದರೆ ಕಿಟಕಿ ಅದುರುತ್ತದೆ. ಮಳೆ ಜೋರಾದರೆ ಮುಂದಿನ ಗಟಾರು ತುಂಬಿ ಅಂಗಳಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಮೇಲಿನ ಖೋಲಿ ಕಾಯುತ್ತದೆ. ಎಲ್ಲ ಹೇಳಿ, "ಛಲೋದು ಏನೈತಿ ಅನ್ನೋದು ನೀವ ನೋಡ್ಕೋರಿ" ಎಂದು ಕೀಲಿ ನಮ್ಮವರ ಕೈಗಿಟ್ಟರು.

ನಮ್ಮವರು ಖೋಲಿ ನೋಡಲಿಲ್ಲ. ಹೊರಗೆ ನಿಂತು ರಸ್ತೆಯ ಕಡೆ ನೋಡುತ್ತಿದ್ದರು. "ಇಲ್ಲಿಂದ ಪ್ರೆಸ್ಸಿಗೆ ನಡಕೊಂಡ ಹೋಗಬಹುದು" ಎಂದರು. ಆ ದನಿಯಲ್ಲಿ ಏನೋ ಇತ್ತು, ನಾನು ಹೂಂ ಎಂದೆ. ಹೂಂ ಎಂದವಳು ಮನಸ್ಸಿನಲ್ಲಿ ಮಾತ್ರ, ನನ್ನ ತ್ಯಾಗ ದೊಡ್ಡದು ಎಂದುಕೊಂಡೆ.

ಹೊಸ ಮನೆಗೆ ಬಂದ ಮೇಲೆ ಲೆಕ್ಕ ತಿರುಗಿತು. ಅವರ ಪ್ರೆಸ್ಸು ಹತ್ತಿರವಾಯಿತು, ನನ್ನ ಶಾಲೆ ಧಾರವಾಡದಲ್ಲಿ ಉಳಿಯಿತು. ಇನ್ನು ದಿನಾ ಬಸ್ಸು ಹತ್ತುವವಳು ನಾನು. ಮೊದಲ ದಿನ ಬೆಳಿಗ್ಗೆ ಅವರು ಸ್ಟಾಪಿನವರೆಗೆ ಬಂದರು.

"ಹಿಂದಿನ ಬಾಗಲದ ಮಗ್ಗಲ ಒಂದ ಕಂಬ ಐತಿ, ಅದನ್ನ ಹಿಡಕೋ. ಅಲ್ಲಿ ಜೋಲಿ ಹೊಡಿಯಂಗಿಲ್ಲ. ಚೀಲಾ ಕೈಯಾಗ ಹಿಡಿಬ್ಯಾಡ, ಭುಜಕ್ಕ ಹಾಕ್ಕೋ. ಸತ್ತೂರದಾಗ ದವಾಖಾನಿಗೆ ಹೋಗೋರು ಇಳೀತಾರ, ಅಲ್ಲಿ ಸೀಟ ಸಿಗತೈತಿ. ಅಲ್ಲೀತನಕಾ ಒಂದ ಕಾಲ ಮ್ಯಾಲೆ ಭಾರ ಹಾಕಬ್ಯಾಡ, ಬದಲ ಮಾಡಕೋಂತ ಹೋಗು."

ದಿನಾ ಕಿಟಕಿ ಸೀಟು ಸಿಕ್ಕವರಿಗೆ ಇದೆಲ್ಲ ಹೇಗೆ ಗೊತ್ತು ಎಂದು ನನಗೆ ಆಗಲೂ ಹೊಳೆಯಲಿಲ್ಲ. ನಾನು ನನ್ನ ತ್ಯಾಗದಲ್ಲಿ ಮುಳುಗಿದ್ದೆ.

ಬಸ್ಸು ಬಂತು. ಕಂಬ ಹಿಡಿದೆ. ಉಣಕಲ್ಲಿನಲ್ಲಿ ಇನ್ನಷ್ಟು ಜನ ಹತ್ತಿದರು. ನವನಗರದಲ್ಲಿ ಒಬ್ಬರ ಚೀಲ ನನ್ನ ಬೆನ್ನಿಗೆ, ನನ್ನ ಮೊಣಕೈ ಇನ್ನೊಬ್ಬರ ಪಕ್ಕೆಗೆ. ರಾಯಾಪುರದ ಹೊತ್ತಿಗೆ ಹಿಮ್ಮಡಿ ಉರಿಯತೊಡಗಿತು. ಹಸಿರು ಎಲ್ಲಿದೆ ಎಂದು ಬಗ್ಗಿ ನೋಡಿದೆ. ಕಿಟಕಿಗೂ ನನಗೂ ನಡುವೆ ಎರಡು ಸಾಲು ತಲೆಗಳಿದ್ದವು. ಕಡೆಗೂ ಸತ್ತೂರು ಬಂತು. ಹಣ್ಣಿನ ಚೀಲ, ಊಟದ ಡಬ್ಬಿ ಹಿಡಿದವರು ಒಬ್ಬೊಬ್ಬರಾಗಿ ಇಳಿದರು. ನಮ್ಮವರು ಹೇಳಿದ ಕಡೆ, ಅವರು ಹೇಳಿದ ಹಾಗೆ ಒಂದು ಸೀಟು ಖಾಲಿಯಾಯಿತು. ಕುಳಿತುಕೊಂಡೆ. ಕುಳಿತ ಮೇಲೆ ಎಲ್ಲ ಒಟ್ಟಿಗೇ ತಿಳಿಯಿತು.

ಮಶೀನಿನ ಮುಂದೆ ದಿನವಿಡೀ ನಿಂತು, ಆಮೇಲೆ ಸತ್ತೂರಿನವರೆಗೆ ಈ ಕಂಬ ಹಿಡಿದು ನಿಂತು, ಕಟ್ಟೆಯ ಮೇಲೆ ಗಾಳಿಗೆ ಕುಳಿತ ನನಗೆ ಹತ್ತೊಂಬತ್ತು ವರ್ಷ ಅವರು ಒಂದೇ ಸುಳ್ಳು ಹೇಳಿದ್ದರು. ನಾನು ಆ ಸುಳ್ಳನ್ನು ಊರಿನ ಹೆಗ್ಗಳಿಕೆಯ ಪಟ್ಟಿಯಲ್ಲಿ ಸೇರಿಸಿಕೊಂಡು ತಿರುಗಿದ್ದೆ. ಮಾಳಮಡ್ಡಿಯ ಮನೆಗೆ ಐದನೇ ಐಬು ಒಂದಿತ್ತು, ಈ ಬಸ್ಸಿನ ದಾರಿ. ಒಬ್ಬ ಗ್ಯಾರೇಜಿನವರಿಗೆ ಚಹಾ ಕುಡಿಯುವಷ್ಟರಲ್ಲಿ ಕಂಡದ್ದು ನನಗೆ ಒಂದು ದಿನವೂ ಕಂಡಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ಆ ದಿನ ಪಾಠದಲ್ಲಿ ಧಾರವಾಡದ ಹವೆ ಬರಲಿಲ್ಲ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಭಾಯಿಯವರ ಫೋನ್ ಬಂತು. "ಅಕ್ಕಾರ, ಮಂಗ್ಯಾಗೋಳು ಕೆಳಗಿನ ಹಣ್ಣೂ ತಿನ್ನಾಕತ್ತಾವಲ್ರಿ, ಏನ ಮಾಡೂಣು?" ಎಂದರು. ಸಿಟ್ಟಿರಲಿಲ್ಲ, ನಗುತ್ತಿದ್ದರು. ಹಿಂದಿನಿಂದ ಅವರ ಹೆಂಡತಿ ಹುಶ್ ಹುಶ್ ಎನ್ನುವುದು ಕೇಳಿಸಿತು. "ಅವು ಹುಬ್ಬಳ್ಳಿ ಕಡೆಯಿಂದ ಬಂದಿರಬೇಕ್ರಿ" ಎಂದೆ. ಅಷ್ಟಾದರೂ ಬಾಯಿ ಸುಮ್ಮನಿರಲಿಲ್ಲ.

ಸಂಜೆ ಮತ್ತೆ ಅದೇ ಬಸ್ಸು, ಅದೇ ಕಂಬ. ಕೇಶ್ವಾಪುರದ ಮನೆ ಮುಟ್ಟಿದಾಗ ನಮ್ಮವರು ಆಗಲೇ ಬಂದಿದ್ದರು. ಬಾಗಿಲಲ್ಲೇ ನಿಂತಿದ್ದರು.

"ಬಸ್ ಹೆಂಗಿತ್ತು?" ಎಂದು ಕೇಳಿದರು.

"ಛಲೋ ಇತ್ತರಿ" ಎಂದೆ. "ಕಿಡಕಿ ಸೀಟ ಸಿಕ್ಕಿತ್ತು."

ಅವರು ನನ್ನ ಮುಖ ನೋಡಿದರು. ಒಳಗೆ ಹೋಗಿ ಒಂದು ಬಕೀಟು ಬಿಸಿನೀರು ತಂದು ನನ್ನ ಮುಂದಿಟ್ಟರು.

"ಉಪ್ಪು ಹಾಕೇನಿ. ಕಾಲ ಇಡು."

ಕಾಲಿಟ್ಟೆ. ತಪ್ಪಾಯಿತು ಎನ್ನಬೇಕೆಂದು ಬಾಯಿ ತೆರೆದೆ. ಬಾಯಿಗೆ ಬಂದದ್ದು ಮಾತ್ರ ಹಳೆಯ ಮಾತೇ. "ಇಷ್ಟು ನೀರು ಯಾಕ ಹಿಡದ್ರಿ?"

"ಹುಬ್ಬಳ್ಳಿ ನೀರು, ಹೋಗಲಿ ಬಿಡು" ಎಂದು ಅವರು ನಕ್ಕರು. "ನಿಮ್ಮ ಧಾರವಾಡದ ನೀರಾಗಿದ್ರ ಇಷ್ಟೊತ್ತಿಗೆ ನೋವು ಹೋಗಿರತಿತ್ತು."

"ಎರಡೂ ಒಂದ ಹೊಳಿ ನೀರರಿ" ಎಂದೆ. ಮನೆಯಲ್ಲಿ ನಾನು ಆ ಮಾತು ಒಪ್ಪಿಕೊಂಡದ್ದು ಅದೇ ಮೊದಲು.